ಪಾಸಾದವರಿಗೆ ಮಾತ್ರ ಆಟ

ಹೋದ ತಿಂಗಳು ಮಗಳು ಕಾಲು ಉಳುಕಿಸಿಕೊಂಡು ಸ್ಕೂಲಿನಿಂದ ಕುಂಟುತ್ತಾ ಬಂದಳು. ಈಗ ಆರನೇ ಕ್ಲಾಸು. ನಮ್ಮ ಆಂಧ್ರದ ಕಡೆ ಆರನೇ ಕ್ಲಾಸಿಗೇ ಹೈಸ್ಕೂಲು; ಸೇರಿದ್ದೇ ತಡ, ಕಬಡ್ಡಿಯ ಹುಚ್ಚು ಹತ್ತಿದೆ. ಬೀದಿ ಕೊನೆಯ ಮೆಡಿಕಲ್ ಶಾಪಿನಿಂದ ನೋವಿನ ಮುಲಾಮು ತಂದು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತಿರುಗಿಸಿದೆ. ಆ ಘಾಟು ಮೂಗಿಗೆ ಹೊಡೆಯಿತು. ಹಿಂದೂಪುರದ ನನ್ನ ಮನೆ, ಒಲೆಯ ಮೇಲಿದ್ದ ಸಾರು, ಮಗಳ ಮುಲುಕಾಟ ಎಲ್ಲವೂ ದೂರ ಸರಿದು, ನಾನು ಕಲ್ಯಾಣದುರ್ಗದಲ್ಲಿ ಓದುತ್ತಿದ್ದಾಗಿನ ಮೈದಾನದಲ್ಲಿ ಕೂತಿದ್ದೆ. ಎದುರಿಗೆ ಮಂಡಿಯೂರಿದ್ದ ಒಬ್ಬರು ನನ್ನ ಕಾಲಿಗೆ ಇದೇ ಮುಲಾಮು ತಿಕ್ಕುತ್ತಾ, "ಅಳಬ್ಯಾಡ, ಸುಮ್ಕಿರು. ಅತ್ರೆ ಇನ್ನೂ ಊದ್ಕೊತೈತೆ" ಎಂದು ಗದರುತ್ತಿದ್ದರು...

ನಮ್ಮ ಡ್ರಿಲ್ ಮೇಡಂ.

ಅವರಿಗೆ ಹೆಸರಿತ್ತು. ನಾವು ಯಾರೂ ಅದನ್ನು ಬಳಸಿದ್ದಿಲ್ಲ, ಈಗಲೂ ಬಳಸಲು ಮನಸ್ಸಿಲ್ಲ. ಕುಳ್ಳಗೆ, ದಪ್ಪಗೆ ಇದ್ದರು. ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಕೊರಳಲ್ಲಿ ತಾಳಿಯ ಜೊತೆಗೇ ಕರಿದಾರಕ್ಕೆ ಕಟ್ಟಿದ ವಿಶಲ್ಲು. ಎಡಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಬಡ್ಡಿ ಆಡುವಾಗ ಮುರಿದದ್ದನ್ನು ಮನೆಯಲ್ಲಿ ಹೇಳಲು ಹೆದರಿ ಹಾಗೇ ಬಿಟ್ಟಿದ್ದರಂತೆ. ಅವರ ಬ್ಯಾಗಿನಲ್ಲಿ ಯಾವಾಗಲೂ ಆ ಮುಲಾಮಿನ ಡಬ್ಬಿ ಇರುತ್ತಿತ್ತು. ಹೀಗಾಗಿ ಮೇಡಂ ವರಾಂಡದಲ್ಲಿ ಬರುತ್ತಿದ್ದಾರೆ ಎಂಬುದು ನಮಗೆ ಅವರ ಹೆಜ್ಜೆ ಸದ್ದಿಗಿಂತ ಮೊದಲು ಘಾಟಿನಿಂದ ಗೊತ್ತಾಗುತ್ತಿತ್ತು. ಗಂಡ ಹಿಂದೂಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಇವರು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು ಬರುತ್ತಿದ್ದರು.

ಅವರು ಬರುವ ಮೊದಲು ನಮ್ಮ ಸ್ಕೂಲಿನಲ್ಲಿ ಹುಡುಗಿಯರಿಗೆ ಆಟದ ಪೀರಿಯಡ್ ಎಂದರೆ ಬೇವಿನ ಮರದ ಕೆಳಗೆ ಕೂತು ಜಡೆ ಹಾಕಿಕೊಳ್ಳುವುದು. ಮೈದಾನ ಹುಡುಗರದು. ಮೇಡಂ ಬಂದ ವರ್ಷವೇ ಆ ಮೈದಾನದ ಒಂದು ಮೂಲೆಯನ್ನು ನಮಗೆಂದು ಬಿಡಿಸಿಕೊಂಡರು. ಕಲ್ಲು ಆರಿಸಿ, ಕೆರೆಯ ಮಣ್ಣು ಹಾಕಿಸಿ, ಸುಣ್ಣದಲ್ಲಿ ಗೆರೆ ಎಳೆದರು. ಮನೆಗಳಲ್ಲಿ ರಂಪವಾಯಿತು. ಚೂಡಿದಾರದ ವೇಲು ಬಿಚ್ಚಿಟ್ಟು ಆಡುತ್ತಾರಂತೆ, ನೆಲದ ಮೇಲೆ ಬಿದ್ದು ಒದ್ದಾಡುತ್ತಾರಂತೆ ಎಂದು ಸುದ್ದಿ. ಮೋಟಾರು ರಿಪೇರಿ ಮಾಡುತ್ತಿದ್ದ ನಮ್ಮಪ್ಪನೇ ಎರಡು ಸಲ ಸ್ಕೂಲಿಗೆ ಬಂದು ಹೆಡ್ಮಾಸ್ಟರ ಹತ್ತಿರ ಗೊಣಗಿ ಹೋಗಿದ್ದರು. ಹುಡುಗಿಯರ ಆಟ ನಿಲ್ಲಿಸಲು ಹೆಡ್ಮಾಸ್ಟರಿಗೂ ಅಂಥದೇ ಒಂದು ನೆಪ ಬೇಕಿತ್ತು.

ಪೇರೆಂಟ್ಸ್ ಮೀಟಿಂಗಿನ ದಿನ ಮೇಡಂ ಎದ್ದು ನಿಂತು ಎಲ್ಲರ ಮುಂದೆ ಒಂದು ಮಾತು ಕೊಟ್ಟರು. ಪ್ರತಿ ಟೆಸ್ಟಿನಲ್ಲೂ ಎಲ್ಲ ಸಬ್ಜೆಕ್ಟೂ ಪಾಸಾದವಳಿಗೆ ಮಾತ್ರ ಆಟ. ಒಂದರಲ್ಲಿ ಫೇಲಾದರೂ ಮುಂದಿನ ಟೆಸ್ಟಿನವರೆಗೆ ಗೆರೆಯ ಹೊರಗೆ. ಸುಳ್ಳು ಹೇಳಿದವಳು, ಬೈದವಳು, ಯಾರ ಮೇಲಾದರೂ ಕೈಯೆತ್ತಿದವಳು ಎಷ್ಟೇ ಚೆನ್ನಾಗಿ ಆಡಲಿ, ಹೊರಗೆ. "ಆಟ ಆಡಿ ನಿಮ್ ಮಕ್ಳು ಕೆಟ್ಟೋದ್ರು ಅಂತ ಒಬ್ರು ತೋರ್ಸಿ, ಆವತ್ತೇ ಈ ಗ್ರೌಂಡ್ ನಾನೇ ಮುಚ್ಚಿಸ್ತೀನಿ" ಎಂದರು. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಮರುದಿನದಿಂದ ಆ ಮಾತೇ ರೂಲು ಆಯಿತು. ಹೆಡ್ಮಾಸ್ಟರು ಅದನ್ನು ನೋಟಿಸ್ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು.

ಇಷ್ಟು ಕಟ್ಟುನಿಟ್ಟು ಯಾಕೆ ಮೇಡಂ ಎಂದು ನಾನೇ ಒಮ್ಮೆ ಕೇಳಿದ್ದೆ. ಪ್ರಾಕ್ಟೀಸ್ ಮುಗಿದು ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದೆವು. ಅವರು ನಲ್ಲಿ ನಿಲ್ಲಿಸಿ ತಮ್ಮ ಕಥೆ ಹೇಳಿದರು. ಸೋಮಂದೇಪಲ್ಲಿ ಕಡೆಯ ಹಳ್ಳಿಯವರು ಅವರು. ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾದಾಗ ಅವರಣ್ಣ, ಆಡಿ ಆಡಿಯೇ ಫೇಲಾದಳು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ ಮನೆಯಲ್ಲಿ ಕೂಡಿಹಾಕಿದ್ದರಂತೆ. ಹಟ ಹಿಡಿದು, ಉಪವಾಸ ಬಿದ್ದು, ಮತ್ತೆ ಪರೀಕ್ಷೆ ಕಟ್ಟಿ ಪಾಸಾಗಿದ್ದರು.

"ನಾನು ಫೇಲಾಗಿದ್ದು ನಂಗೊಬ್ಳಿಗೇ ಆಗಿದ್ರೆ ಪರ್ವಾಗಿರ್ಲಿಲ್ಲ ಕಣಮ್ಮ" ಎಂದರು. "ನನ್ ತಂಗೀನ ಆಟಕ್ಕೆ ಬಿಡ್ಲಿಲ್ಲ. ನಮ್ಮೂರಾಗೆ ಒಬ್ಬ ಹೆಣ್ಮಗಳ್ನೂ ಬಿಡ್ಲಿಲ್ಲ. ಎಲ್ಲಾರ್ಗೂ ನನ್ನೇ ತೋರಿಸೋರು. ಒಬ್ಳು ಎಡವಿದ್ರೆ ಸಾಕು, ಎಲ್ಲಾರ್ ಕಾಲ್ನೂ ಕಟ್ ಹಾಕ್ತಾರೆ."

ಅದಕ್ಕೇ ಅವರಿಗೆ ಆ ರೂಲಿನ ಮೇಲೆ ಅಷ್ಟು ನಂಬಿಕೆ. ನಮ್ಮನ್ನು ಕಾಯುವ ಬೇಲಿ ಅದು ಎಂದುಕೊಂಡಿದ್ದರು.

ನಾನು ಒಂಬತ್ತನೇ ಕ್ಲಾಸಿಗೆ ಬಂದಾಗ ನಾಗವೇಣಿ ಬಂದಳು. ಕುಂದುರ್ಪಿಯಿಂದ ಇನ್ನೂ ಒಳಗಿರುವ, ಕರ್ನಾಟಕದ ಗಡಿಗೆ ಅಂಟಿಕೊಂಡ ಒಂದು ಹಳ್ಳಿ ಅವಳದು. ಅಪ್ಪ ಕುರಿ ಸಾಕುತ್ತಿದ್ದ. ಊರಿನಲ್ಲಿದ್ದ ಕನ್ನಡ ಸ್ಕೂಲು ಮುಗಿಸಿ, ಕಲ್ಯಾಣದುರ್ಗದ ಹಾಸ್ಟೆಲ್ಲಿಗೆ ಸೇರಿ, ತೆಲುಗು ಮೀಡಿಯಮ್ಮಿನ ನಮ್ಮ ಕ್ಲಾಸಿನಲ್ಲಿ ಕೂತಳು. ತೆಲುಗು ಮಾತಾಡುವುದು ನಮ್ಮಂತೆ ಅವಳಿಗೂ ನೀರು ಕುಡಿದಷ್ಟು ಸುಲಭ. ಬರೆಯುವುದೇ ಕಷ್ಟ. ಎರಡು ಲಿಪಿಯೂ ಅಕ್ಕತಂಗಿಯರ ಹಾಗೆ ಕಾಣುವುದರಿಂದಲೇ ಅವಳಿಗೆ ಎಲ್ಲ ಕಲಸಿಹೋಗುತ್ತಿತ್ತು. ಗಾಬರಿಯಾದರೆ ಕೈ ತನ್ನಷ್ಟಕ್ಕೆ ಕನ್ನಡ ಬರೆದುಬಿಡುತ್ತಿತ್ತು. ಸೈನ್ಸ್ ಸಾರು ಅಂಥ ಪೇಪರನ್ನು ಓದುವ ಗೋಜಿಗೆ ಹೋಗದೆ ಕೆಂಪು ಗೀಟು ಎಳೆದು ಸೊನ್ನೆ ಹಾಕುತ್ತಿದ್ದರು.

ಆದರೆ ಮೈದಾನಕ್ಕಿಳಿದರೆ... ಅವಳ ಆಟವನ್ನು ಹೇಗೆ ಹೇಳಲಿ? ಎದುರಿನವರ ಅಂಗಳಕ್ಕೆ ಕಬಡ್ಡಿ ಹೇಳುತ್ತಾ ಹೋಗುವಾಗ ಅವಳ ದನಿ ಏರುತ್ತಿರಲಿಲ್ಲ, ತಗ್ಗುತ್ತಿರಲಿಲ್ಲ. ಕುರಿಮಂದೆಯ ನಡುವೆ ಬೆಳೆದವಳಿಗೆ ಯಾವ ಮೈ ಯಾವ ಕಡೆಗೆ ತಿರುಗುತ್ತದೆ ಎಂದು ಮೊದಲೇ ಗೊತ್ತಾಗುತ್ತಿತ್ತೇನೋ. ಮೂರು ಜನ ಮೈಮೇಲೆ ಬಿದ್ದರೂ ಅವರನ್ನು ಹೊತ್ತುಕೊಂಡೇ ನಡುಗೆರೆ ಮುಟ್ಟುತ್ತಿದ್ದಳು. ಅವಳನ್ನು ಮೊದಲ ಸಲ ನೋಡಿದ ದಿನ ಮೇಡಂ ವಿಶಲ್ ಊದುವುದನ್ನೇ ಮರೆತು ನಿಂತಿದ್ದರು.

ಮೊದಲ ಟೆಸ್ಟಿನಲ್ಲಿ ನಾಗವೇಣಿ ಸೈನ್ಸು, ಸೋಶಿಯಲ್ಲು ಎರಡರಲ್ಲೂ ಫೇಲು. ಮಂಡಲದ, ಅಂದರೆ ತಾಲ್ಲೂಕು ಮಟ್ಟದ, ಮ್ಯಾಚು ಹತ್ತಿರವಿತ್ತು. ಮೇಡಂ ಅವಳನ್ನು ಹೊರಗೆ ಕೂರಿಸಿದರು. ನಾವೆಲ್ಲ ಬೇಡಿಕೊಂಡೆವು, ಕೇಳಲಿಲ್ಲ. ಅವಳಿಲ್ಲದೆ ಆ ಮ್ಯಾಚು ಸೋತೆವು. ನಾಗವೇಣಿ ಗೆರೆಯ ಆಚೆ ಕೂತು, ಕೈಗೆ ಸಿಕ್ಕಿದ ಗರಿಕೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿದ್ದಳು. ಅವತ್ತು ಸಂಜೆ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಉಪ್ಪಿಟ್ಟು ಮಾಡಿ ತಿನ್ನಿಸಿದರು. ಮರುದಿನದಿಂದ ಪ್ರಾಕ್ಟೀಸ್ ಮುಗಿದ ಮೇಲೆ ಅಲ್ಲೇ ಓದು. ಪಾಠ ಗಟ್ಟಿಯಾಗಿ ಓದುವ ಕೆಲಸ ನನ್ನದು. ಮೇಡಂ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು, ಅವಳು ಮತ್ತೆ ತೆಲುಗಿನಲ್ಲಿ ಬರೆಯಬೇಕು. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ತಪ್ಪಾದಾಗ ಅವಳು ಪೆನ್ನು ಎಸೆಯುತ್ತಿದ್ದಳು. ಮೇಡಂ ಪ್ರತಿ ಸಲವೂ ಎತ್ತಿ ಕೊಡುತ್ತಿದ್ದರು.

ದಸರಾ ರಜೆ ಮುಗಿದ ಮೇಲಿನ ಟೆಸ್ಟಿನಲ್ಲಿ ನಾಗವೇಣಿ ಎಲ್ಲದರಲ್ಲೂ ಪಾಸಾದಳು. ಸೈನ್ಸಿನಲ್ಲಿ ಅಂಚಿನ ಮೇಲೆ, ಆದರೂ ಪಾಸು. ಮೇಡಂ ಆ ಪೇಪರನ್ನು ಸ್ಟಾಫ್ ರೂಮಿನಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ತೋರಿಸಿಕೊಂಡು ಬಂದರಂತೆ. "ನೋಡಿದ್ರೇನ್ರೇ, ರೂಲು ಇದ್ದಿದ್ದಕ್ಕೇ ಓದಿದ್ಲು" ಎಂದು ನಮಗೆ ಹೇಳಿದಾಗ ಅವರ ಕಣ್ಣು ಹೊಳೆಯುತ್ತಿತ್ತು. ನಾಗವೇಣಿಯ ಬಾಯಲ್ಲೂ ಅದೇ ಮಾತು. ತಾನು ಹತ್ತನೇ ಕ್ಲಾಸು ಮುಗಿಸಿ, ಮೇಡಂ ಹಾಗೇ ಶೂ ಹಾಕಿಕೊಂಡು ಡ್ರಿಲ್ ಮೇಡಂ ಆಗುತ್ತೇನೆ ಎಂದು ಹಾಸ್ಟೆಲ್ಲಿನವರಿಗೆಲ್ಲ ಹೇಳಿದ್ದಳು. ನಮ್ಮ ಮನೆಗಳಲ್ಲೂ ಗೊಣಗಾಟ ನಿಂತಿತು. ಆ ಕೆಲವು ವಾರ ನಮಗೆಲ್ಲ ಲೋಕದಲ್ಲಿ ಒಂದು ನ್ಯಾಯ ಇದೆ, ಅದು ನಮ್ಮ ಡ್ರಿಲ್ ಮೇಡಂ ಕೈಯಲ್ಲಿದೆ ಅನ್ನಿಸಿತ್ತು.

ಆಮೇಲೆ ಹಿಂದೂಪುರದ ಮ್ಯಾಚು ಬಂತು.

ಬೇರೆ ಬೇರೆ ಊರಿನ ಟೀಮುಗಳು ಸೇರಿದ್ದವು, ಹುಡುಗರದೂ ಹುಡುಗಿಯರದೂ ಒಂದೇ ಮೈದಾನದಲ್ಲಿ. ನಾವು ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ಲಿಗೆ ಬಂದಿದ್ದೆವು. ಜರ್ಸಿ ಬದಲಾಯಿಸಲು ನಮಗೆ ತೋರಿಸಿದ್ದು ಹಿಂದಿನ ಒಂದು ಕ್ಲಾಸ್ ರೂಮು. ಅದರ ಕಿಟಕಿಗೆ ಬಾಗಿಲಿರಲಿಲ್ಲ. ಮೇಡಂ ತಮ್ಮ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಹೋಗಿದ್ದರು. ನಾವು ಬಟ್ಟೆ ಬದಲಾಯಿಸುತ್ತಿದ್ದಾಗ ಸೀರೆಯ ಅಂಚು ಮೆಲ್ಲಗೆ ಸರಿಯಿತು. ಸಂದಿಯಲ್ಲಿ ಒಂದು ಮೊಬೈಲು. ಆಗಷ್ಟೇ ಕ್ಯಾಮೆರಾ ಇರುವ ಫೋನುಗಳು ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ಕಾಲ. ನಮ್ಮಲ್ಲಿ ತೀರ ಚಿಕ್ಕವಳು ಕಿರುಚಿಕೊಂಡು ಗೋಡೆಗೆ ಮುಖ ಮಾಡಿ ಕುಸಿದು ಕೂತಳು. ನಾವೆಲ್ಲ ಸಿಕ್ಕಿದ್ದನ್ನು ಎದೆಗೆ ಅವಚಿಕೊಂಡು ಕಲ್ಲಾಗಿ ನಿಂತೆವು.

ನಾಗವೇಣಿ ಮಾತ್ರ ಓಡಿದಳು. ಹೊರಗೆ ಹೋಗಿ ಆ ಹುಡುಗನನ್ನು ಹಿಡಿದೇಬಿಟ್ಟಳು. ಫೋನು ಕಿತ್ತು ಬಂಡೆಗೆ ಅಪ್ಪಳಿಸಿದಳು. ಅವನು ಅವಳ ಜಡೆಗೆ ಕೈ ಹಾಕಿದ, ಇವಳು ಮುಖಕ್ಕೆ ಗುದ್ದಿದಳು. ನಾವು ಹೊರಗೆ ಬರುವಷ್ಟರಲ್ಲಿ ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅವನೂ ಆಟಗಾರನೇ, ಹುಡುಗರ ಟೀಮೊಂದರವನು. ಮ್ಯಾಚು ನಡೆಸುತ್ತಿದ್ದವರಲ್ಲಿ ಒಬ್ಬರು ಅವನ ಚಿಕ್ಕಪ್ಪ ಎಂಬುದು ಆಮೇಲೆ ಗೊತ್ತಾಯಿತು.

ಜನ ಮುತ್ತಿಕೊಂಡರು. ಮೇಡಂ ಓಡಿ ಬಂದು, ಏನಾಯಿತೆಂದು ನಮ್ಮಿಂದ ಕೇಳಿಕೊಂಡು, ಶಾಮಿಯಾನದ ಕೆಳಗೆ ಕೂತಿದ್ದವರ ಹತ್ತಿರ ಹೋಗಿ ಜಗಳವಾಡಿದರು. ಅವರ ದನಿ ಮೈದಾನದ ಈ ತುದಿಗೂ ಕೇಳುತ್ತಿತ್ತು. ಫೋಟೋ ಎಲ್ಲಿದೆ ತೋರಿಸಿ ಎಂದು ಅವರು ಕೇಳಿದರು. ಫೋನು ಚೂರಾಗಿತ್ತು. ಸಾಕ್ಷಿ ಏನಿದೆ? ಹುಡುಗನ ಮೂಗಿನ ರಕ್ತ ಮಾತ್ರ ಎಲ್ಲರ ಕಣ್ಣೆದುರಿಗಿತ್ತು. ಕೈ ಮಾಡಿದ ಹುಡುಗಿಯನ್ನು ಟೀಮಿನಿಂದ ತೆಗೆದರೆ ಫೈನಲ್ ಆಡಬಹುದು, ಇಲ್ಲದಿದ್ದರೆ ಇಡೀ ಟೀಮನ್ನು ಕರೆದುಕೊಂಡು ಹೊರಡಿ ಎಂದರು. ಅಷ್ಟರಲ್ಲಿ ಯಾರೋ ನಮ್ಮ ಹೆಡ್ಮಾಸ್ಟರಿಗೆ ಫೋನು ಮಾಡಿ ಮೇಡಂ ಕೈಗೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಫೋನಿನೊಳಗಿನ ಮಾತು ಸ್ಪಷ್ಟವಾಗಿ ಕೇಳಿತು.

"ರೂಲು ಮೀರೇ ಪೆಟ್ಟಾರು ಕದಮ್ಮಾ" ಎಂದರು ಅವರು. ರೂಲು ಮಾಡಿದ್ದು ನೀವೇ ಅಲ್ಲವೇನಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಸಮಾಧಾನವಿತ್ತು.

ಮೇಡಂ ಫೋನು ವಾಪಸು ಕೊಟ್ಟರು. ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಈಗ ನನಗೆ ಊಹಿಸಲು ಬರುತ್ತದೆ. ಟೀಮನ್ನು ವಾಪಸು ಕರೆದುಕೊಂಡು ಹೋದರೆ ಊರಲ್ಲಿ ಸುದ್ದಿ ಹಬ್ಬುತ್ತದೆ. ಹುಡುಗಿಯರ ಫೋಟೋ ತೆಗೆದರಂತೆ, ಹುಡುಗಿಯರು ಹೊಡೆದಾಡಿದರಂತೆ. ಮರುದಿನವೇ ಒಬ್ಬೊಬ್ಬ ಅಪ್ಪನೂ ಬಂದು ಮಗಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಸೋಮಂದೇಪಲ್ಲಿ ಕಡೆಯ ಆ ಹಳ್ಳಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ... ಒಬ್ಬಳನ್ನು ಕೂರಿಸಿದರೆ ಉಳಿದವರಿಗೆ ಮೈದಾನ ಉಳಿಯುತ್ತದೆ.

ಅವರು ನಾಗವೇಣಿಯ ಹತ್ತಿರ ಬಂದು, ಅವಳ ಬಿಚ್ಚಿಹೋದ ಜಡೆಯನ್ನು ಹಿಂದಕ್ಕೆ ಸರಿಸಿ, "ಹೊರ್ಗಡೆ ಕೂತ್ಕೊಳಮ್ಮ" ಎಂದರು.

ಅವಳಿಗೆ ಅರ್ಥವಾಗಲಿಲ್ಲ. "ಯಾಕೆ ಮೇಡಂ? ಎಲ್ಲಾದ್ರಾಗೂ ಪಾಸಾಗಿವ್ನಲ್ಲ?" ಎಂದು ಕೇಳಿದಳು.

"ಕೈ ಮಾಡ್ದೆ ಕಣಮ್ಮ."

"ನಾನ್ ಮಾಡಿದ್ದು ತಪ್ಪಾ ಮೇಡಂ?"

"ತಪ್ಪಲ್ಲ" ಎಂದರು ಮೇಡಂ. ಸ್ವಲ್ಪ ತಡೆದು, "ರೂಲು" ಎಂದರು.

ನಾಗವೇಣಿ ಜರ್ಸಿಯನ್ನು ಅಲ್ಲೇ ತಲೆಯ ಮೇಲಿಂದ ಎಳೆದು ತೆಗೆದಳು. ಒಳಗೆ ಚೂಡಿದಾರದ ಟಾಪಿತ್ತು. ಜರ್ಸಿಯನ್ನು ಮಡಚಿ ಮೇಡಂ ಕೈಗೆ ಕೊಟ್ಟು, ಗೆರೆಯ ಹೊರಗೆ ಹೋಗಿ ಕೂರಲಿಲ್ಲ, ಸೀದಾ ಗೇಟಿನ ಆಚೆ ಹೋಗಿ ನಿಂತಳು.

ನಾವು ಆಡಿದೆವು. ಹೇಗೆ ಆಡಿದೆವೋ ಗೊತ್ತಿಲ್ಲ. ಗೆದ್ದುಬಿಟ್ಟೆವು. ಸೋತಿದ್ದರೆ ಚೆನ್ನಾಗಿತ್ತು ಎಂದು ನಮ್ಮಲ್ಲಿ ಎಲ್ಲರಿಗೂ ಅನ್ನಿಸಿತು. ಕಪ್ಪು ಕೈಗೆ ಬಂದಾಗ ಆ ಕಡೆ ಹುಡುಗರ ಫೈನಲ್ ಶುರುವಾಗಿತ್ತು. ಆ ಹುಡುಗ ಮೂಗಿಗೆ ಹತ್ತಿ ತುರುಕಿಕೊಂಡು ಆಡುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ವಾಪಸು ಬರುವಾಗ ಸೋಮಂದೇಪಲ್ಲಿಯಲ್ಲಿ ಬಸ್ಸು ನಿಂತಿತು. ಮೇಡಂ ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ನಾಗವೇಣಿ ಇಳಿಯಲಿಲ್ಲ. ಮೇಡಂ ಪೇಪರಿನಲ್ಲಿ ಬಜ್ಜಿ ಹಿಡಿದು ಅವಳ ಕಿಟಕಿಯ ಕೆಳಗೆ ನಿಂತರು. ಕುಳ್ಳಗಿದ್ದವರು, ಕೈ ಮೇಲೆತ್ತಿ ಹಿಡಿದಿದ್ದರು. ಅವಳು ಮುಖ ಆ ಕಡೆ ತಿರುಗಿಸಿದಳು. ಡ್ರೈವರು ಹಾರ್ನ್ ಹೊಡೆಯುವವರೆಗೂ ಮೇಡಂ ಕೈ ಇಳಿಸಲಿಲ್ಲ...

ಆ ವಾರ ನಾಗವೇಣಿ ಕ್ಲಾಸಿಗೆ ಬಂದಳು, ಮೈದಾನಕ್ಕೆ ಬರಲಿಲ್ಲ. ಸೋಮವಾರ ಅಸೆಂಬ್ಲಿಯಲ್ಲಿ ಹೆಡ್ಮಾಸ್ಟರು ಕಪ್ಪನ್ನು ಎತ್ತಿ ತೋರಿಸಿ, ಗೆಲುವಿಗಿಂತ ಶಿಸ್ತು ದೊಡ್ಡದೆಂದು ನಮ್ಮ ಸ್ಕೂಲು ತೋರಿಸಿದೆ ಎಂದರು. ಹೆಸರು ಹೇಳಲಿಲ್ಲ. ಹೇಳದಿದ್ದರೂ ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಮೇಡಂ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಸಂಜೆ ಓದಿಗೆ ಕರೆಯಲು ಅವರು ನನ್ನನ್ನು ಹಾಸ್ಟೆಲ್ಲಿಗೆ ಕಳಿಸಿದರು. "ಯಾಕೆ ಓದ್ಲಿ? ಆಡೋಕೆ ತಾನೆ ಓದ್ತಿದ್ದಿದ್ದು" ಎಂದಳು ನಾಗವೇಣಿ. ಅದಾದ ಮೇಲಿನ ಟೆಸ್ಟಿಗೆ ಅವಳು ಖಾಲಿ ಪೇಪರು ಕೊಟ್ಟು ಬಂದಳು. ಸಂಕ್ರಾಂತಿ ರಜೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ಮೇಡಂ ನನ್ನನ್ನು ಜೊತೆಗೆ ಕರೆದುಕೊಂಡು ಅವಳ ಊರಿಗೆ ಹೊರಟರು. ಕುಂದುರ್ಪಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಮೇಡಂ ಬ್ಯಾಗಿನಲ್ಲಿ ಒಂದು ಹೊಸ ಜರ್ಸಿ ಇತ್ತು. ಅವಳ ಅಪ್ಪ ಮನೆಯ ಮುಂದೆ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟ. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದವನಲ್ಲ. ಹುಡುಗಿಗೆ ಅವಳ ಸೋದರಮಾವನ ಜೊತೆ ಮಾತಾಗಿದೆ ಎಂದ. ಹಿಂದೂಪುರದ ಸುದ್ದಿ ಅಷ್ಟು ದೂರ ಬಂದಿತ್ತು, ಬರುವಾಗ ಬೆಳೆದುಕೊಂಡು ಬಂದಿತ್ತು. ಫೋಟೋ ಊರೂರು ತಿರುಗುತ್ತಿದೆ, ಹುಡುಗ ಅವಳಿಗೆ ಮೊದಲೇ ಗೊತ್ತಿದ್ದವನು, ಹೀಗೆಲ್ಲ.

"ಅವ್ಳದೇನೂ ತಪ್ಪಿಲ್ಲ ಕಣಪ್ಪ, ನಾನ್ ಹೇಳ್ತೀನಲ್ಲ" ಎಂದರು ಮೇಡಂ.

ಅವನು ಅವರ ಮುಖವನ್ನೇ ನೋಡಿದ. "ತಪ್ಪಿಲ್ದಿದ್ರೆ ನೀವ್ಯಾಕೆ ಮೇಡಂ ಹೊರಕ್ಕೆ ಕೂರ್ಸಿದ್ರಿ? ಅಷ್ಟು ಜನದ ಮುಂದೆ? ನೀವು ಹೊರಕ್ಕೆ ಕೂರ್ಸಿದ್ರಿ, ನಾನು ಒಳಕ್ಕೆ ಕೂರ್ಸ್ಕೊಂಡಿವ್ನಿ. ಅಷ್ಟೇಯ."

ನಾಗವೇಣಿ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈತುಂಬ ಹಸಿರು ಬಳೆ. ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಮೇಡಂ ಬ್ಯಾಗಿನೊಳಗೆ ಕೈ ಹಾಕಿದವರು ಜರ್ಸಿಯನ್ನು ಹೊರಗೆ ತೆಗೆಯಲೇ ಇಲ್ಲ.

ಹದಿನೆಂಟು ತುಂಬದ ಹುಡುಗಿಯ ಮದುವೆ ಎಂದು ಮೇಡಂ ಆಫೀಸುಗಳಿಗೆ ಅಲೆದರು. ಜೀಪಿನಲ್ಲಿ ಯಾರೋ ಹೋಗಿ, ಮದುವೆ ಮಾಡುವುದಿಲ್ಲ ಎಂದು ಅವಳಪ್ಪನಿಂದ ಬರೆಸಿಕೊಂಡು ಬಂದರು. ಆ ಜೀಪು ವಾಪಸಾದ ಮೇಲೆ ಗಡಿಯ ಆಚೆ ಯಾವುದೋ ಗುಡಿಯಲ್ಲಿ ಮದುವೆ ನಡೆದುಹೋಯಿತು.

ಆಮೇಲೆ ಮೇಡಂ ಆ ರೂಲನ್ನು ತೆಗೆಯಿರಿ ಎಂದು ಹೆಡ್ಮಾಸ್ಟರ ಬೆನ್ನು ಹತ್ತಿದರು. ಫೇಲಾದವರಿಗೆ ಕಲಿಸೋಣ, ಹೊರಗೆ ಹಾಕುವುದು ಬೇಡ. ಕೈ ಯಾಕೆ ಮಾಡಿದಳು ಎಂದು ಮೊದಲು ಕೇಳೋಣ, ಆಮೇಲೆ ಶಿಕ್ಷೆ. ಹೆಡ್ಮಾಸ್ಟರು ನಗುತ್ತಿದ್ದರಂತೆ. ಬಹಳ ಒಳ್ಳೆಯ ರೂಲಮ್ಮ, ಮೇಲಿನವರೂ ಮೆಚ್ಚಿಕೊಂಡಿದ್ದಾರೆ, ಬೇರೆ ಸ್ಕೂಲಿನವರೂ ಮಾಡುತ್ತಿದ್ದಾರೆ ಎಂದರಂತೆ. ಮರುವರ್ಷ ಸೈನ್ಸ್ ಸಾರು, ಲೆಕ್ಕದ ಸಾರು ಮಾರ್ಕು ಹಾಕುವುದರಲ್ಲಿ ಬಿಗಿಯಾದರು. ಒಬ್ಬೊಬ್ಬಳೇ ಗೆರೆಯ ಹೊರಗೆ ಬಂದಳು. ಜಾಸ್ತಿ ನಕ್ಕಳೆಂದು ಒಬ್ಬಳ ನಡತೆ ಸರಿಯಿಲ್ಲ ಎಂದಾಯಿತು. ಹುಡುಗನ ಜೊತೆ ಮಾತಾಡಿದಳೆಂದು ಇನ್ನೊಬ್ಬಳದು. ಹುಡುಗರಿಗೆ ಮಾತ್ರ ಈ ರೂಲನ್ನು ಯಾರೂ ಹಾಕಲಿಲ್ಲ. ನಾನು ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ಏಳು ಜನ ಕೂಡುತ್ತಿರಲಿಲ್ಲ. ಮೇಡಂ ಒಬ್ಬರೇ ಸಂಜೆ ಬಂದು ಮೈದಾನದ ಕಲ್ಲು ಆರಿಸಿ ಹೋಗುತ್ತಿದ್ದರು. ವಿಶಲ್ಲು ಕೊರಳಲ್ಲೇ ಇತ್ತು. ಊದಿದ್ದು ಕೇಳಲಿಲ್ಲ. ಆ ಮೂಲೆಯಲ್ಲಿ ಆಮೇಲೆ ಟೀಚರುಗಳ ಸ್ಕೂಟರ್ ನಿಲ್ಲಿಸಲು ಶೀಟಿನ ಚಪ್ಪರ ಹಾಕಿದರು.

ನಾನು ಮದುವೆಯಾಗಿ ಹಿಂದೂಪುರಕ್ಕೆ ಬಂದು ವರ್ಷಗಳಾದ ಮೇಲೆ ಒಂದು ದಿನ ಮಾರ್ಕೆಟ್ಟಿನಲ್ಲಿ, ಹುಣಸೆಹಣ್ಣಿನ ಅಂಗಡಿಯ ಮುಂದೆ ಅವರು ಸಿಕ್ಕರು. ರಿಟೈರಾಗಿದ್ದರು. ಬಹಳ ಇಳಿದುಹೋಗಿದ್ದರು, ಕಾಲಲ್ಲಿ ಶೂ ಇರಲಿಲ್ಲ, ಚಪ್ಪಲಿ. ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡವರು ನನ್ನ ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು ಎಂದು ಕೇಳಲಿಲ್ಲ. "ನಾಗವೇಣೀನ ನೋಡಿದ್ದೆ ಕಣೆ" ಎಂದರು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದಳಂತೆ. ಕಂಕುಳಲ್ಲೊಂದು ಮಗು, ಸೆರಗು ಹಿಡಿದು ಇನ್ನೊಂದು. ಒಂದು ಕಡೆಯ ಹಲ್ಲು ಉದುರಿತ್ತಂತೆ. ಓಪನ್ ಸ್ಕೂಲಿನಲ್ಲಿ ಪರೀಕ್ಷೆ ಕಟ್ಟಿಸುತ್ತೇನೆ, ನನ್ನ ಹತ್ತಿರ ಬಾ ಎಂದರೆ, "ನಿಮ್ದು ಊಟ ಆಯ್ತಾ ಮೇಡಂ?" ಎಂದು ಮರ್ಯಾದೆಯಿಂದ ಕೇಳಿ ಬಸ್ಸು ಹತ್ತಿದಳಂತೆ.

"ಬೈದಿದ್ರೂ ಚೆನ್ನಾಗಿತ್ತು" ಎಂದರು. "ಉಗುದಿದ್ರೂ ಚೆನ್ನಾಗಿತ್ತು. ಊಟ ಆಯ್ತಾ ಅಂದ್ಲು..."

ನಿಮ್ಮ ತಪ್ಪಲ್ಲ ಮೇಡಂ ಎಂದೆ ನಾನು. ಎಲ್ಲರೂ ಹೇಳುವ ಮಾತು. ಅವರಿಗೆ ಸಿಟ್ಟು ಬಂತು.

"ತಪ್ಪು ಯಾರ್ದು ಅಂತ ಯಾರ್ ಕೇಳಿದ್ರು ನಿನ್ನ? ಆವತ್ತು ಟೀಮ್‌ನೇ ವಾಪಸ್ ಕರ್ಕೊಂಡು ಬಂದ್ಬುಡಬೇಕಿತ್ತು ನಾನು. ಎಲ್ಲಾರೂ ಸೇರಿ ಗೇಟ್ ದಾಟಿ ಬಂದ್ಬುಡಬೇಕಿತ್ತು. ಗ್ರೌಂಡ್ ಉಳಿಸ್ತೀನಿ ಅಂತ ಅವ್ಳನ್ನ ಕಳ್ಕೊಂಡೆ. ಗ್ರೌಂಡ್ ಉಳೀತಾ? ಹೇಳು ನೀನೇ, ಉಳೀತಾ?"

ಹುಣಸೆಹಣ್ಣಿನವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಅವರು ಚೀಲ ತೆಗೆದುಕೊಂಡು ಜನದೊಳಗೆ ಹೋದರು. ಮತ್ತೆ ಸಿಗಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಯಾರೋ ಹಳೆಯ ಕ್ಲಾಸ್‌ಮೇಟ್ ಹೇಳಿದಾಗ ಕಾರ್ಯಗಳೆಲ್ಲ ಮುಗಿದುಹೋಗಿದ್ದವು.

ಮಗಳ ಕಾಲು ವಾರದಲ್ಲಿ ಸರಿಹೋಯಿತು. ಮೊನ್ನೆ ಅವಳ ಸ್ಕೂಲಿನಲ್ಲಿ ಆಟಕ್ಕೆ ಸೇರಿದ ಮಕ್ಕಳ ತಾಯಿತಂದೆಯರನ್ನು ಕರೆದಿದ್ದರು. ಹೊಸ ಕೋಚು, ಇನ್ನೂ ಚಿಕ್ಕ ವಯಸ್ಸಿನ ಹುಡುಗ, ಒಳ್ಳೆಯವನ ಹಾಗೆ ಕಾಣುತ್ತಾನೆ. ಎಲ್ಲ ಸಬ್ಜೆಕ್ಟಿನಲ್ಲೂ ಪಾಸಾದವರಿಗೆ ಮಾತ್ರ ಟೀಮಿನಲ್ಲಿ ಜಾಗ, ನಡತೆಯ ಮೇಲೆ ಒಂದೇ ಒಂದು ಕಂಪ್ಲೇಂಟ್ ಬಂದರೂ ಹೊರಗೆ ಎಂದು ಹೇಳಿದ. ತಾಯಿಯರೆಲ್ಲ ತಲೆಯಾಡಿಸಿದರು. ನಾನು ಎದ್ದು ನಿಂತೆ. ಯಾರಾದರೂ ಮೈಮೇಲೆ ಕೈ ಹಾಕಿದರೆ, ಕದ್ದು ಫೋಟೋ ತೆಗೆದರೆ, ಹುಡುಗಿ ತಿರುಗಿ ಹೊಡೆದರೆ ಆಗ ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ನಕ್ಕು, "ಅಂಥದ್ದೆಲ್ಲ ನಮ್ ಸ್ಕೂಲ್ನಲ್ಲಿ ಆಗಲ್ಲ ಮೇಡಂ" ಎಂದ. ಪಕ್ಕದವರು ನನ್ನ ಸೆರಗು ಎಳೆದು ಕೂರಿಸಿದರು.

ಮನೆಗೆ ನಡೆದು ಬರುವಾಗ ಮಗಳು ಮುಖ ಊದಿಸಿಕೊಂಡಿದ್ದಳು. ತಿರುವಿನ ಹತ್ತಿರ ಬಂದಾಗ, "ಅಮ್ಮ, ಇನ್ಮೇಲೆ ಹಂಗೆಲ್ಲ ಕೇಳ್ಬೇಡ. ನನ್ನ ಟೀಮಿಂದ ತೆಗ್ದ್‌ಬುಡ್ತಾರೆ" ಎಂದಳು.

ನಿನಗೇ ಯಾರಾದರೂ ಹಾಗೆ ಮಾಡಿದರೆ ಏನು ಮಾಡುತ್ತೀಯ ಎಂದು ಕೇಳಿದೆ.

ಅವಳು ಹೆಚ್ಚು ಯೋಚಿಸಲಿಲ್ಲ. "ಸುಮ್ನಿರ್ತೀನಿ" ಎಂದಳು. "ಆಡ್ಬೇಕಲ್ಲ."

ಈ ಮಾತನ್ನು ಯಾರ ಹತ್ತಿರ ಹೋಗಿ ಹೇಳಲಿ? ಕೇಳಿದರೆ ನನ್ನಷ್ಟೇ ನಡುಗುತ್ತಿದ್ದವರು ಒಬ್ಬರಿದ್ದರು. ಹಿಂದೂಪುರದಲ್ಲಿ ಇಷ್ಟು ವರ್ಷ ನಾಲ್ಕು ಬೀದಿ ಆಚೆಯೇ ಇದ್ದರು, ನಾನೇ ಹುಡುಕಿಕೊಂಡು ಹೋಗಲಿಲ್ಲ...